ಒತ್ತಾಯವಿಲ್ಲದ ಊಟ

ತಂಗಿಯ ಖಾನಾವಳಿಗೆ ಈಗ ಗಿರಾಕಿಗಳ ಕೊರತೆಯಿಲ್ಲ. ಐಹೊಳೆಗೆ ಹೊರಟವರು, ಇಲಕಲ್ಲಿನಲ್ಲಿ ಸೀರೆ ಕೊಂಡು ಮರಳುವವರು ಫೋನಿನಲ್ಲಿ ದಾರಿ ನೋಡುತ್ತ ಹುನಗುಂದದ ಕೋರ್ಟಿನ ಎದುರಿನ ಸಣ್ಣ ಓಣಿಗೆ ಕಾರು ತಿರುಗಿಸುತ್ತಾರೆ. ತಾಟಿನ ಫೋಟೋ ತೆಗೆಯುತ್ತಾರೆ, ಉಣ್ಣುತ್ತಾರೆ, ನಕ್ಷತ್ರ ಕೊಟ್ಟು ಹೋಗುತ್ತಾರೆ. ಇದಿಷ್ಟನ್ನೂ ಮಾಡಿಸಿದವಳು ನಾನು. ಅಲ್ಲಿ ಊಟಕ್ಕೆ ಕೂಡಲು ಮಾತ್ರ ನನಗೆ ಮನಸ್ಸಾಗುವುದಿಲ್ಲ. ಆದರೂ ದಿನಾ ಕೂಡುತ್ತೇನೆ. ಬೇರೆ ಅಡುಗೆಮನೆ ನನಗಿಲ್ಲ.

ನಾನು ಬಾಗಲಕೋಟೆಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದವಳು. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಸಾಲು ನಿಲ್ಲಬೇಕು. ತಾಟಿಗೆ ಎರಡು ರೊಟ್ಟಿ, ಒಂದು ಪಲ್ಯ, ಅಳತೆಯ ಅನ್ನ. ಬೇಕೆಂದವಳಿಗೆ ಹೆಚ್ಚು ಹಾಕಿದರೆ ಕೊನೆಯ ಸಾಲಿನವಳಿಗೆ ಇರುತ್ತಿರಲಿಲ್ಲ. ನನ್ನ ಹಾಸ್ಟೆಲಿನಲ್ಲಿ ಒಬ್ಬಳೂ ಹಸಿದು ಮಲಗಲಿಲ್ಲ. ಈ ಮಾತನ್ನು ಇವತ್ತಿಗೂ ತಲೆ ಎತ್ತಿ ಹೇಳುತ್ತೇನೆ. ನಿವೃತ್ತಿಯಾದ ಮೇಲೆ ಹುನಗುಂದಕ್ಕೆ ಬಂದು, ಗಂಡ ತೀರಿಕೊಂಡಂದಿನಿಂದ ಖಾನಾವಳಿ ನಡೆಸುತ್ತಿದ್ದ ತಂಗಿಯ ಜೊತೆ ಉಳಿದೆ.

ಅವಳ ಪಂಕ್ತಿ ನನ್ನದಕ್ಕೆ ಪೂರಾ ಉಲ್ಟಾ. ಅಲ್ಲಿ ಗಂಟೆಯಿಲ್ಲ, ಅಳತೆಯಿಲ್ಲ. ಒಂದು ಊಟಕ್ಕೆ ಒಂದು ದರ, ರೊಟ್ಟಿ ಎಷ್ಟಾದರೂ ತಿನ್ನಬಹುದು. ನಮ್ಮ ಕಡೆ ಉಣ್ಣುವವನು ಮೊದಲ ಸಲ ‘ಸಾಕು’ ಎಂದರೆ ಅದು ಸಾಕಲ್ಲ, ಮರ್ಯಾದೆ. ಎರಡನೆಯದು ಸಂಕೋಚ. ತಾಟಿನ ಮೇಲೆ ಅಡ್ಡ ಬಾಗಿ ಎರಡೂ ಕೈ ಮುಚ್ಚಿದರೆ ಮಾತ್ರ ಬಡಿಸುವವರು ನಂಬುತ್ತಾರೆ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ನಾವಿಬ್ಬರೂ ಒಂದೇ ಅವ್ವನ ಕೈಯಲ್ಲಿ ಉಂಡು ಬೆಳೆದವರು, ನನಗೂ ಗೊತ್ತಿತ್ತು.

ತಂಗಿ ಮುಚ್ಚಿದ ಕೈಯನ್ನೂ ಸರಿಸಿ ಹಾಕುವವಳು. ಅದರಲ್ಲೂ ಅಮೀನಗಡದ ಕಡೆಯ ಒಬ್ಬ ಮುದುಕನ ಮೇಲೆ ಅವಳಿಗೆ ವಿಶೇಷ ಅಧಿಕಾರ. ಹೆಗಲ ಮೇಲೆ ಕಂಬಳಿ, ಹಣೆಯ ತುಂಬ ಬೀರಪ್ಪನ ಭಂಡಾರದ ಅರಿಶಿನ. ಹೊಲದ ಬದುವಿನ ಕೇಸಿಗಾಗಿ ಪ್ರತಿ ತಾರೀಖಿಗೂ ಬರುತ್ತಿದ್ದ.

“ಸಾಕವಾ,” ಅನ್ನುತ್ತಿದ್ದ.

“ಏನ್ ಸಾಕು ಕಾಕಾ? ಇಷ್ಟ ತಿಂದು ಕುರಿ ಹಿಂದ ಹೆಂಗ ಓಡ್ತಿ? ಕುರೀನ ನಿನ್ನ ಕಾಯಬೇಕಾಕ್ಕೈತಿ.”

“ಹಾಕು ಹಂಗಾರ. ಕೇಸ್ ಮುಗದ್ರ ಈ ರೊಟ್ಟಿ ತಪ್ಪತಾವಂತ ವಕೀಲಗ ನಾನs ಹೇಳೇನಿ, ಗಡಿಬಿಡಿ ಮಾಡಬ್ಯಾಡೊ ಅಂತ.”

ಪಂಕ್ತಿಯೆಲ್ಲ ನಗುತ್ತಿತ್ತು.

ಆಮೇಲೆ ಬಸ್ ನಿಲ್ದಾಣದ ಹತ್ತಿರ ಹೊಸ ಹೋಟೆಲು ಬಂತು. ತಂಪು ಗಾಳಿ, ಗಾಜಿನ ಬಾಗಿಲು, ಬಣ್ಣದ ಚಿತ್ರಗಳ ಮೆನು. ವಕೀಲರು ಮೊದಲು ಹೋದರು, ಗುಮಾಸ್ತರು ಅವರ ಹಿಂದೆ. ಮಧ್ಯಾಹ್ನ ಬಡಿದಿಟ್ಟ ರೊಟ್ಟಿ ಸಂಜೆಗೆ ಹಾಗೇ ಉಳಿಯತೊಡಗಿತು. ಇನ್ನೊಂದು ಬೇಸಿಗೆ ಹೀಗೇ ಹೋದರೆ ಒಲೆ ಆರಿಸುವುದೇ ಸರಿ ಎಂದು ತಂಗಿ ಒಂದು ದಿನ ಹಂಚು ತಿಕ್ಕುತ್ತ ಹೇಳಿದಳು. ಅವಳಿಗೆ ಆ ಒಲೆ ಬಿಟ್ಟು ಬೇರೆ ಜೀವನವಿಲ್ಲ. ಸುಮ್ಮನೆ ಕೂಡುವುದು ನನ್ನಿಂದಾಗಲಿಲ್ಲ.

ನನ್ನ ಹಾಸ್ಟೆಲಿನಲ್ಲಿ ಓದಿದ ಒಬ್ಬಳು ಇಲಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟಿದ್ದಾಳೆ. ಜಾಹೀರಾತು, ಗಿರಾಕಿಗಳಿಗೆ ಉತ್ತರ ಎಲ್ಲವನ್ನೂ ಫೋನಿನಲ್ಲಿರುವ ಎಐ ಸಹಾಯಕನ ಕೈಲೇ ಬರೆಸುತ್ತಾಳೆ. ಬಸ್ಸು ಹತ್ತಿ ಹೋದೆ. ಕುರ್ಚಿ ಹಾಕಿ ಕೂಡಿಸಿ ಕಲಿಸಿದಳು.

“ಮೇಡಂ, ನೀವು ನಮಗ ಹೇಳತಿದ್ರಲ್ಲ, ಹಂಗs ಇದಕ್ಕ ಹೇಳ್ರಿ. ಏನು ಬೇಕು, ಎಷ್ಟ ಬೇಕು, ಎಂಥಾ ದನಿ ಬೇಕು. ಒಂದ್ ಮಾತೂ ಎದರಾಡೂದಿಲ್ಲ.”

“ನಿನಗಿಂತ ಚೊಲೋ ಐತಿ ಬಿಡು,” ಎಂದೆ.

ನಿಜಕ್ಕೂ ನನಗೆ ಹಿಡಿಸಿತು. ನಸುಕಿನಲ್ಲಿ ಅವತ್ತಿನ ಪಲ್ಯ ತಿಳಿಸಿದರೆ ನಾಲ್ಕು ಸಾಲು ಚೆಂದಾಗಿ ಬರೆದು ಕೊಡುತ್ತಿತ್ತು. ಅದನ್ನು ವಾಟ್ಸಾಪಿಗೆ ಹಾಕುವುದು, ತಾಟಿನ ಫೋಟೋ ಏರಿಸುವುದು, ಸಂಜೆ ದೀಪ ಹಚ್ಚಿದ ಮೇಲೆ ಬಂದ ಅಭಿಪ್ರಾಯಗಳಿಗೆ ಉತ್ತರಿಸುವುದು. ಹಳೆಯ ದಿನಚರಿ ಮರಳಿ ಸಿಕ್ಕಂತಾಯಿತು. ಒಂದು ಬರೆದು ಕೊಟ್ಟ ಕೂಡಲೇ ‘ಇನ್ನೊಂದು ಬರೆದುಕೊಡಲೇ?’ ಎಂದು ಅದೇ ಕೇಳುತ್ತಿತ್ತು. ಬೇಡವೆಂದರೆ ‘ಬೇರೆ ಏನಾದರೂ ಬೇಕೇ?’ ಎನ್ನುತ್ತಿತ್ತು. ಜನ ಬರತೊಡಗಿದರು. ಮೊದಲು ಒಂದು ಕಾರು, ಆಮೇಲೆ ರಜೆಯ ದಿನ ಓಣಿ ತುಂಬುವಷ್ಟು. ತಂಗಿ ಹಿಟ್ಟಿನ ಕೈಯಲ್ಲೇ ನನ್ನ ಗಲ್ಲ ಹಿಡಿದು, “ಅಕ್ಕಾ, ಒಲಿ ಉಳಿಸಿದಿ,” ಎಂದಳು.

ಹೀಗೇ ಬಂದವರಲ್ಲಿ ಒಬ್ಬ ತರುಣ ಅರ್ಧ ರೊಟ್ಟಿ ಬಿಟ್ಟು ಎದ್ದ. ತಂಗಿ ಅವನನ್ನೂ ಬಿಡಲಿಲ್ಲ.

“ಏನ್ ತಮ್ಮಾ, ಗುಬ್ಬಿ ತಿಂದಂಗ ತಿಂದಿ! ನಿಮ್ಮವ್ವ ಏನಂದಾಳು, ಹುನಗುಂದದಾಗ ಉಪಾಸ ಕಳಿಸ್ಯಾರಂತ ನನ್ನ ಬೈದಾಳು. ಕೂಡು, ಮೊಸರು ಹಾಕ್ತೇನಿ.”

ಅವನು ನಕ್ಕ ಹಾಗೆ ಕಂಡಿತು. ಸಂಜೆ ನೋಡಿದರೆ ಮೂರೇ ನಕ್ಷತ್ರ. ಊಟ ಚೆನ್ನಾಗಿದೆ, ಆದರೆ ಬಡಿಸುವ ಹೆಂಗಸು ಬೇಡವೆಂದರೂ ಕೇಳುವುದಿಲ್ಲ, ಬಿಟ್ಟರೆ ಎಲ್ಲರೆದುರು ಬೈಯುತ್ತಾಳೆ ಎಂದು ಬರೆದಿದ್ದ.

ಉತ್ತರ ಕೊಡುವ ಹೊತ್ತಾಗಿತ್ತು. ಅವನು ಬರೆದದ್ದನ್ನು ಸಹಾಯಕನಿಗೆ ಕೊಟ್ಟು ವಿನಯದ ಉತ್ತರ ಬೇಕೆಂದೆ. ರೆಪ್ಪೆ ಬಡಿಯುವುದರೊಳಗೆ ಬಂತು: ‘ತಮಗಾದ ಅನಾನುಕೂಲಕ್ಕೆ ಹೃತ್ಪೂರ್ವಕವಾಗಿ ಕ್ಷಮೆ ಯಾಚಿಸುತ್ತೇವೆ. ನಮ್ಮ ಸಿಬ್ಬಂದಿಗೆ ಸೂಕ್ತ ಸೂಚನೆ ನೀಡಲಾಗಿದೆ. ಇನ್ನು ಮುಂದೆ ಯಾವ ಗ್ರಾಹಕರಿಗೂ ಒತ್ತಾಯ ಮಾಡಲಾಗುವುದಿಲ್ಲ.’ ಓದಿದೆ. ತಪ್ಪಿರಲಿಲ್ಲ. ನನ್ನ ಇಲಾಖೆಗೆ ನಾನು ಇಂಥವೇ ಎಷ್ಟೋ ಬರೆದಿದ್ದೆ. ಹಾಕಿದೆ. ತಂಗಿ ಒಳಗೆ ನಾಳೆಗೆ ಶೇಂಗಾ ಹುರಿಯುತ್ತಿದ್ದಳು. ಅವಳನ್ನು ಕೇಳಬೇಕೆಂದು ಹೊಳೆಯಲಿಲ್ಲ.

ಎರಡು ದಿನ ಬಿಟ್ಟು ಕೋರ್ಟಿನ ಟೈಪಿಸ್ಟ್ ಊಟಕ್ಕೆ ಕೂತವನು ಫೋನು ತೆಗೆದು ಪಂಕ್ತಿಗೆಲ್ಲ ಕೇಳುವಂತೆ ಓದಿದ.

“ಕೇಳ್ರೆಪಾ, ಅಕ್ಕಾರು ಕ್ಷಮಾ ಕೇಳ್ಯಾರ! ಸಿಬ್ಬಂದಿಗೆ ಸೂಚನೆ ಕೊಟ್ಟಾರಂತ! ಇನ್ನ ಮ್ಯಾಲೆ ಒತ್ತಾಯ ಬಂದ್!”

ತಂಗಿಯ ಕೈಯಲ್ಲಿ ರೊಟ್ಟಿ ಇತ್ತು. “ಯಾರು ಕ್ಷಮಾ ಕೇಳ್ಯಾರ?”

“ನೀವs. ನಿಮ್ಮ ಖಾನಾವಳಿ ಹೆಸರ್ಲೆನ ಐತಿ ನೋಡ್ರಿ.”

ಅವಳು ನನ್ನ ಕಡೆ ತಿರುಗಿದಳು. ಗಿರಾಕಿಗಳೆಲ್ಲ ಎದ್ದು ಹೋದ ಮೇಲೆ ಕೇಳಿದಳು.

“ನಾ ಏನ್ ತಪ್ಪ ಮಾಡೇನಿ ಅಕ್ಕಾ?”

“ತಪ್ಪಂತ ಅಲ್ಲ. ಯಾಪಾರದಾಗ ಹಂಗ ಬರೀಬೇಕಾಕ್ಕೈತಿ.”

“ನಾ ಸಿಬ್ಬಂದಿ ಏನು? ಯಾರ ಮನಿ ಸಿಬ್ಬಂದಿ?”

“ಅದು ನಾ ಬರದಿದ್ದಲ್ಲ. ಫೋನ್ ಬರದಿದ್ದು.”

“ಫೋನಿಗೆ ನನ್ನ ಗುರ್ತ ಇಲ್ಲ. ನಿನಗ ಐತೆಲ್ಲ?”

“ಅಳಿಸಿ ಹಾಕ್ತೇನಿ ತಗೋ.”

“ಓದಿದವರ ತಲ್ಯಾಗಿಂದ ಹೆಂಗ ಅಳಸ್ತಿ? ಇರಲಿ ಬಿಡು. ನೀ ದೊಡ್ಡಾಕಿ. ನಮ್ಮ ಹೆಸರ್ಲೆ ಮಾತ ಕೊಟ್ಟಿ, ನಡಸ್ತೇನಿ.”

ಆ ಕ್ಷಣವೇ ಅಳಿಸಿದೆ. ಅವಳು ಮಾತ್ರ ಕೊಟ್ಟ ಮಾತನ್ನು ಹಿಡಿದುಕೊಂಡಳು. ಮರುದಿನದಿಂದ ರೊಟ್ಟಿ ಬುಟ್ಟಿ ಹಿಡಿದು ಪಂಕ್ತಿಯ ಮುಂದೆ ನಡೆಯುವುದು, ‘ಬೇಕಾ?’ ಎಂದು ಕೇಳುವುದು, ‘ಸಾಕು’ ಎಂದರೆ ಮುಂದಿನ ತಾಟಿಗೆ ಹೋಗುವುದು. ಬೈಗುಳವಿಲ್ಲ, ಚೇಷ್ಟೆಯಿಲ್ಲ. ದೂರದಿಂದ ಬಂದವರಿಗೆ ಬಹಳ ಹಿಡಿಸಿತು. ಶಾಂತ ವಾತಾವರಣ, ವೃತ್ತಿಪರ ಸೇವೆ ಎಂದು ಬರೆದರು. ನನಗೆ ಹಾಸ್ಟೆಲಿನ ಊಟದ ಹಾಲ್ ನೆನಪಾಗುತ್ತಿತ್ತು. ಅಲ್ಲಿಯ ಮೌನ ನಾನೇ ಕಟ್ಟಿದ್ದು, ಅದರ ಬಗ್ಗೆ ನನಗೆ ಹೆಮ್ಮೆಯಿತ್ತು. ಇಲ್ಲಿಯದು ನನ್ನ ಮುಖಕ್ಕೆ ಬಡಿಯುತ್ತಿತ್ತು.

ಮುಂದಿನ ತಾರೀಖಿಗೆ ಕಂಬಳಿಯ ಮುದುಕ ಬಂದ. ಕೋರ್ಟಿನಲ್ಲಿ ಬೆಳಗಿನಿಂದ ನಿಂತು ದಣಿದಿದ್ದ. ಎರಡು ರೊಟ್ಟಿ ಮುಗಿಸಿದ. ತಂಗಿ ಬುಟ್ಟಿ ತಂದಳು.

“ಬೇಕಾ ಕಾಕಾ?”

“ಸಾಕವಾ,” ಎಂದ, ಎಂದಿನ ಹಾಗೆ, ಒಂದು ಕೈ ಅರ್ಧ ಎತ್ತಿ.

ಅವಳು ಮುಂದಕ್ಕೆ ಹೋದಳು.

ಅವನ ಕೈ ಹಾಗೇ ನಿಂತಿತು. ತಾಟಿನಲ್ಲಿ ಬದನೆಕಾಯಿ ಪಲ್ಯ ಇನ್ನೂ ಇತ್ತು, ಅದನ್ನು ಹಚ್ಚಿಕೊಳ್ಳಲು ರೊಟ್ಟಿ ಇರಲಿಲ್ಲ. ಅವಳು ತಿರುಗಿ ಬರುತ್ತಾಳೆಂದು ಕಾದ. ಅವಳು ಆ ಕಡೆಯ ಗೋಡೆಯತನಕ ಹೋಗಿ ಬುಟ್ಟಿ ಒಳಗಿಟ್ಟಳು. ಮುದುಕ ಪಲ್ಯವನ್ನು ಬೆರಳಿನಿಂದ ಬಳಿದು ತಿಂದು, ನೀರು ಕುಡಿದು, ಕಂಬಳಿ ಹೆಗಲಿಗೇರಿಸಿದ.

“ನನ್ನ ಮ್ಯಾಲೆ ಏನರ ಸಿಟ್ಟೇನವಾ?” ಎಂದು ಬಾಗಿಲಲ್ಲಿ ನಿಂತು ಕೇಳಿದ.

“ಇಲ್ಲ ಕಾಕಾ. ಯಾಕ?”

“ಏನಿಲ್ಲ. ಜನಾ ಭಾಳ ಆಗ್ಯಾರ ನಿನಗ. ಚೊಲೋ ಆತು.”

ನಾನು ದುಡ್ಡಿನ ಗಲ್ಲೆಯ ಹತ್ತಿರ ಕೂತಿದ್ದೆ. ಕರೆದು ಕೂಡಿಸಬಹುದಿತ್ತು. ಬಡಿಸುವವಳು ಕರೆಯದೆ ನಾನು ಕರೆದರೆ ಅದು ಊಟವಾಗುತ್ತಿರಲಿಲ್ಲ, ದಾನವಾಗುತ್ತಿತ್ತು. ಅವನು ಹೋದ. ಕೇಸು ಇನ್ನೂ ಮುಗಿದಿಲ್ಲವೆಂದು ಟೈಪಿಸ್ಟ್ ಹೇಳುತ್ತಾನೆ. ತಾರೀಖಿನ ದಿನ ಮುದುಕ ಕೋರ್ಟಿನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಉಣ್ಣುವುದನ್ನು ನಾನೂ ಬಾಗಿಲಿನಿಂದ ನೋಡಿದ್ದೇನೆ. ತಂಗಿಯೂ ನೋಡಿದ್ದಾಳೆ. ನೋಡಿ ಒಳಗೆ ಹೋಗುತ್ತಾಳೆ.

ಒಲೆ ಉಳಿಯಿತು. ಅದನ್ನು ಉಳಿಸಲೆಂದೇ ನಾನು ಇಲಕಲ್ಲಿಗೆ ಬಸ್ಸು ಹತ್ತಿದ್ದು. ಈಗಲೂ ಸಂಜೆಯಾದರೆ ಫೋನು ತೆಗೆಯುತ್ತೇನೆ, ಬಂದ ಹೊಗಳಿಕೆಗೆ ಧನ್ಯವಾದ ಬರೆಸುತ್ತೇನೆ. ಇನ್ನೊಂದು ಬರೆದುಕೊಡಲೇ ಎಂದು ಅದು ಕೇಳುತ್ತದೆ. ಈ ಮನೆಯಲ್ಲಿ ಬೇಡವೆಂದರೂ ಮತ್ತೆ ಕೇಳುವುದು ಈಗ ಅದೊಂದೇ.

ಗಿರಾಕಿಗಳೆಲ್ಲ ಹೋದ ಮೇಲೆ ನಾವಿಬ್ಬರೂ ಉಣ್ಣುತ್ತೇವೆ. ತಂಗಿ ನನ್ನ ತಾಟಿಗೆ ಎರಡು ರೊಟ್ಟಿ ಹಾಕುತ್ತಾಳೆ. ಅವು ಮುಗಿದ ಮೇಲೆ ಬುಟ್ಟಿ ಹಿಡಿದು ನಿಂತು ಕೇಳುತ್ತಾಳೆ.

“ಬೇಕಾ ಅಕ್ಕಾ?”

ನನಗೆ ಹಸಿವಿರುತ್ತದೆ. “ಸಾಕು,” ಅನ್ನುತ್ತೇನೆ, ಕೈಯನ್ನು ತಾಟಿಗೆ ಪೂರ್ತಿ ಅಡ್ಡ ಮಾಡದೆ.

ಅವಳು ಬುಟ್ಟಿ ಮುಚ್ಚುತ್ತಾಳೆ.