ನೀಲಿ ಕಣ್ಣಿನ ಗಿಳಿ

ಮೊನ್ನೆ ಮೊಮ್ಮಗಳು ಗುಜರಿ ಅಂಗಡಿಯಿಂದ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತಂದಳು. ಮುಚ್ಚಳದ ಮೇಲೆ ಹಿಮ ಬಿದ್ದ ಯಾವುದೋ ಊರಿನ ಚಿತ್ರ, ಅರ್ಧ ಊರು ತುಕ್ಕಿನ ಪಾಲಾಗಿತ್ತು. ಅವಳ ಗುಂಡಿ, ಲೇಸು, ಉಲ್ಲನ್ನಿನ ಉಂಡೆಗಳನ್ನು ಜೋಡಿಸಿಡಲು ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲವಂತೆ. ನಾವು ಅಟ್ಟಕ್ಕೆ ಎಸೆದದ್ದನ್ನು ಇವರು ಹುಡುಕಿ ಕೊಂಡು ತರುತ್ತಾರಲ್ಲ ಎಂದು ಗೊಣಗಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮುಚ್ಚಳ ತೆಗೆದಳು. ತುಕ್ಕು, ಹಳೆಯ ಕಾಗದ, ಅಡಿಯಲ್ಲೆಲ್ಲೋ ಉಳಿದುಕೊಂಡ ಚೂರು ಸಿಹಿ ವಾಸನೆ. ಗೊಣಗುವುದು ಮರೆತೇ ಹೋಯಿತು. ಅದು ನನ್ನ ನಾದಿನಿ ಗಿರಿಜೆಯ ವಾಸನೆ.

ಹೆಣ್ಣುಮಗಳ ಮೈಗೆ ತುಕ್ಕಿನ ವಾಸನೆಯೇ ಎಂದು ನೀವು ಮುಖ ಸಿಂಡರಿಸಬೇಡಿ. ದಿನವೂ ಮಿಂದು ಮಡಿಯುಟ್ಟು ಬರುವ ಹುಡುಗಿ ಅವಳು. ಆದರೆ ಹೊತ್ತು ಸಿಕ್ಕಾಗಲೆಲ್ಲ ಇಂಥ ಡಬ್ಬಿಗಳ ಮೇಲೆ ಬಗ್ಗಿ ಕೂತಿರುತ್ತಿದ್ದಳು. ಅಡಿಗೆಮನೆಯಲ್ಲಿ ನನ್ನ ಪಕ್ಕ ಬಂದು ನಿಂತರೆ ಅವುಗಳ ವಾಸನೆಯೂ ಜೊತೆಗೇ ಬರುತ್ತಿತ್ತು.

ನಾನು ಭದ್ರಾವತಿಯಿಂದ ಶಿವಮೊಗ್ಗದ ಕೋಟೆಯ ಮನೆಗೆ ಸೊಸೆಯಾಗಿ ಬಂದಾಗ ನನಗೂ ಗಿರಿಜೆಗೂ ವಯಸ್ಸಿನಲ್ಲಿ ಹೆಚ್ಚು ಅಂತರವಿರಲಿಲ್ಲ. ಆದರೂ ಅಣ್ಣನ ಹೆಂಡತಿ ಎಂದು ಬಹುವಚನ ಹಚ್ಚಿಯೇ ಮಾತಾಡಿಸುತ್ತಿದ್ದಳು. ನಮ್ಮತ್ತೆ ಭದ್ರಾವತಿಯನ್ನು ಆ ಹೆಸರಿನಿಂದ ಕರೆದದ್ದೇ ಇಲ್ಲ. ನಾನು ಕಲಸಿದ ರೊಟ್ಟಿ ಹಿಟ್ಟನ್ನು ನೋಡಿ, “ನಿಮ್ಮ ಬೆಂಕೀಪುರದಲ್ಲಿ ಹೀಗಾ ಕಲಸೋದು?” ಎಂದು ಹಳೆಯ ಹೆಸರಿನಿಂದಲೇ ಕೇಳುವರು. ಒಮ್ಮೆ ರೈಲಿನಲ್ಲಿ ಹೋಗುವಾಗ ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿಯುವುದನ್ನು ದೂರದಿಂದ ಕಂಡಿದ್ದರು. ಆಮೇಲಂತೂ ಹಳೆಯ ಹೆಸರೇ ಸರಿ ಎಂದು ಅವರಿಗೆ ಖಾತ್ರಿಯಾಯಿತು.

ಆ ಕಾರ್ಖಾನೆಯಲ್ಲಿ ನಮ್ಮಣ್ಣ ಗುಮಾಸ್ತ. ಕೆಲಸ ಮುಗಿಸಿ ತಮ್ಮ ದೇಶಕ್ಕೆ ಹೊರಟ ದೊರೆಗಳು, ಹೊತ್ತೊಯ್ಯಲಾಗದ್ದನ್ನು ಬಂಗಲೆಯ ಮುಂದೆ ಹರಡಿ ಹರಾಜು ಹಾಕಿಸುತ್ತಿದ್ದರು. ಒಳ್ಳೆಯ ಮೇಜು ಕುರ್ಚಿಗಳು ದೊಡ್ಡವರ ಪಾಲು, ಯಾರಿಗೂ ಬೇಡದ್ದು ನಮ್ಮಣ್ಣನ ಪಾಲು. ಅಂಚಿಗೆ ಗಾಜಿನ ಮಣಿಗಳ ಕುಚ್ಚು ಇಳಿಬಿದ್ದ ದೀಪದ ಮುಸುಕು, ಬಾಯಿ ಹರಿದ ಮಣಿಚೀಲ, ಹಾಡುವ ಯಂತ್ರ ಕಳಚಿಹೋಗಿ ಬರೀ ಮರ ಉಳಿದ ಗ್ರಾಮಫೋನಿನ ಪೆಟ್ಟಿಗೆ, ಖಾಲಿ ಡಬ್ಬಿಗಳ ರಾಶಿ. ನನ್ನನ್ನು ನೋಡಲು ಬರುವ ನೆಪದಲ್ಲಿ ಇವನ್ನೆಲ್ಲ ತಂದು ನಮ್ಮ ಜಗಲಿಯ ಮೇಲೆ ಇಳಿಸುವನು. ತವರಿನಿಂದ ಬೇರೆ ಸೊಸೆಯಂದಿರಿಗೆ ಸೀರೆ ಬರುತ್ತಿತ್ತು, ನನಗೆ ಗುಜರಿ ಬರುತ್ತಿತ್ತು.

“ಯಾವ ದೊರೆಸಾನಿ ಏನು ತಿಂದ ಕೈಯಲ್ಲಿ ಮುಟ್ಟಿದ್ಲೋ, ಒಳಗೆ ತರಬೇಡ ಮಾರಾಯ್ತಿ!” ಎಂದು ಅತ್ತೆ ಬಾಗಿಲಲ್ಲೇ ತಡೆಯುವರು. ಗಿರಿಜೆ ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಹಿತ್ತಿಲಲ್ಲಿ ಕೂತು ಒಂದೊಂದೇ ಮಣಿ ಬಿಡಿಸಿ, ಅಂಟುವಾಳದ ನೀರಿನಲ್ಲಿ ತೊಳೆದು, ಬಿಳಿ ಪಂಚೆಯ ಮೇಲೆ ಬಿಸಿಲಿಗೆ ಹರಡುವಳು. ಗುಬ್ಬಿಗಳು ನವಣೆಯೆಂದು ನಂಬಿ ಬಂದು ಕುಕ್ಕಿ, ಮೋಸಹೋಗಿ ಹಾರಿಹೋಗುತ್ತಿದ್ದವು. ಸಂಜೆಯ ಹೊತ್ತಿಗೆ ಅತ್ತೆಯೇ ಪಂಚೆಯ ಅಂಚಿನಲ್ಲಿ ಕೂತು, “ಈ ಹಸಿರು ಎಷ್ಟು ಚಂದ ಇದೆಯಲ್ಲೇ” ಎನ್ನುವರು. ಅವರ ಮಡಿ ಅಷ್ಟರದ್ದು.

ಅದು ಯುದ್ಧದ ಕಾಲ. ಪರದೇಶದ ಗಾಜಿನ ಮಣಿ ಪೇಟೆಗೆ ಬರುವುದು ನಿಂತೇಹೋಗಿತ್ತು. ಹಾಗಾಗಿ ಗಿರಿಜೆ ಒಂದು ಮಣಿಯನ್ನೂ ಚೆಲ್ಲುತ್ತಿರಲಿಲ್ಲ. ಮೊರದಲ್ಲಿ ಹಾಕಿ ಕೇರಿ, ದಪ್ಪದ್ದು ಸಣ್ಣದ್ದು ಬೇರೆ ಮಾಡಿ, ಬಣ್ಣಕ್ಕೊಂದು ಡಬ್ಬಿಯಲ್ಲಿ ಹಾಕುವಳು. ಒಳಗೇನಿದೆ ಎಂದು ತಿಳಿಯಲು ಅದರೊಳಗಿನ ಒಂದು ಮಣಿಯನ್ನೇ ಮುಚ್ಚಳದ ಮೇಲೆ ಅರಗಿನಿಂದ ಅಂಟಿಸುವಳು. ಡಬ್ಬಿಗಳೆಲ್ಲ ಗ್ರಾಮಫೋನಿನ ಪೆಟ್ಟಿಗೆಯಲ್ಲಿ. ನಾನೂ ಅವಳ ಜೊತೆ ಸೇರಿ ಕಲಿಯಲು ಹೋದೆನೆನ್ನಿ. ನಾನು ಬಹಳ ದಿನ ಕಷ್ಟಪಟ್ಟು ಒಂದು ನವಿಲು ಪೋಣಿಸಿದೆ. ನಮ್ಮ ಯಜಮಾನರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಕೊಡೆ ಚೆನ್ನಾಗಿದೆ” ಎಂದರು. ಅಂದಿನಿಂದ ನಾನು ನೂಲಿಗೆ ಜೇನುಮೇಣ ಹಚ್ಚಿಕೊಡುವ ಕೆಲಸಕ್ಕೆ ಇಳಿದೆ.

ಆ ದೀಪದ ಮುಸುಕಿನ ಮಣಿಗಳಿಂದ, ಮಣಿಚೀಲದ ಮಣಿಗಳಿಂದ ಗಿರಿಜೆ ಒಂದು ಬಾಗಿಲ ತೋರಣ ಮಾಡಿದಳು. ನಡುವೆ ಮಲಗಿದ ನಂದಿ, ಸುತ್ತ ಬಳ್ಳಿ, ಎರಡು ಕಡೆ ಎದುರುಬದುರಾಗಿ ಒಂದೊಂದು ಗಿಳಿ. ಕೊನೆಗೆ ಗಿಳಿಗಳ ಕಣ್ಣಿಗೆ ಬೇಕಾದ ಸಣ್ಣ ಕೆಂಪು ಮಣಿ ಒಂದೇ ಉಳಿದಿತ್ತು. ಇನ್ನೊಂದಕ್ಕೆ ದಪ್ಪ ಕೆಂಪು ಮಣಿ ಹಾಕೆಂದು ನಾನು ಹೇಳಿದೆ. “ದಪ್ಪದ್ದು ಹಾಕಿದ್ರೆ ಅದು ಗದರೋ ಹಾಗೆ ಕಾಣ್ತದೆ ಅತ್ತಿಗೆ” ಎಂದು ಒಂದು ಗಿಳಿಗೆ ನೀಲಿ ಕಣ್ಣು ಕೂರಿಸಿದಳು. ಪಡಸಾಲೆಯ ಬಾಗಿಲಿಗೆ ಅದನ್ನು ಕಟ್ಟಿದ ದಿನ ಬೀದಿಯ ಹೆಂಗಸರೆಲ್ಲ ಬಂದು ನೋಡಿ ಹೋದರು. ನನಗಂತೂ, ನನ್ನ ತವರಿನ ಗುಜರಿಗೆ ಮಾನ ಬಂತಲ್ಲ ಎಂದು ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನಮ್ಮ ಬೀದಿಯ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ಯಾರ ಮನೆಗೆ ಹೆಣ್ಣು ನೋಡಲು ಬಂದರೂ ಬೀದಿಯೆಲ್ಲ ಒಂದೇ ಮನೆಯಾಗುತ್ತಿತ್ತು. ಒಬ್ಬರ ಜಮಖಾನ, ಇನ್ನೊಬ್ಬರ ಬೆಳ್ಳಿ ಲೋಟ, ಮತ್ತೊಬ್ಬರ ಹಾರ್ಮೋನಿಯಂ ಅಲ್ಲಿಗೆ ಹೋಗುವುದು. ಬಂದವರಿಗೆ ಹುಡುಗಿಯ ಕೈಕೆಲಸ ತೋರಿಸಬೇಕಲ್ಲ, ಹಾಗಾಗಿ ಗಿರಿಜೆಯ ತೋರಣವೂ ಹೋಗತೊಡಗಿತು. ಪಕ್ಕದ ಮನೆಯ ನಂಜಮ್ಮ, “ಒಂದು ದಿನದ ಮಟ್ಟಿಗೆ ಕೊಡಿ ಅಕ್ಕ, ನಮ್ಮ ಶಾಂತೆಗೆ ಸೂಜಿ ಹಿಡಿಯೋಕೂ ಬರಲ್ಲ” ಎಂದು ಕೇಳಿದಾಗ ಅತ್ತೆ ತಾವೇ ಸ್ಟೂಲು ಹತ್ತಿ ಬಿಚ್ಚಿಕೊಟ್ಟರು. ಶಾಂತೆಯ ಸಂಬಂಧ ಕುದುರಿತು. ಲಗ್ನವೂ ಗೊತ್ತಾಯಿತು. ತೋರಣ ಒಂದು ಮಣಿಯೂ ಉದುರದೆ ನಮ್ಮ ಬಾಗಿಲಿಗೆ ವಾಪಸು ಬಂತು.

ಆಮೇಲೆ ಗಿರಿಜೆಯ ಸರದಿ. ವರ ಭದ್ರಾವತಿಯವನು, ಕಾರ್ಖಾನೆಯಲ್ಲೇ ಕೆಲಸ, ಹುಡುಕಿದವನು ನಮ್ಮಣ್ಣ. ಗಿರಿಜೆಗೆ ವರ ಹೇಗಿದ್ದಾನೆಂಬ ಕುತೂಹಲಕ್ಕಿಂತ ಊರಿನ ಕುತೂಹಲವೇ ಹೆಚ್ಚು. ಹೂ ಕಟ್ಟುತ್ತ ಮೆಲ್ಲಗೆ ಕೇಳಿದಳು: “ಅಲ್ಲಿಗೆ ಹೋದ್ರೆ ಹರಾಜಿಗೆ ನಾನೇ ಹೋಗಬಹುದಲ್ವಾ ಅತ್ತಿಗೆ? ನಿಮ್ಮಣ್ಣ ಏನೇನು ಬಿಟ್ಟು ಬರ್ತಾರೋ ಏನೋ.” ಹೆಂಗಸರು ಹರಾಜಿಗೆ ಹೋಗುವುದುಂಟೆ? ಆದರೂ ನಾನು ಹೋಗಬಹುದು ಎಂದೆ. ನನಗೂ ಅವಳು ನನ್ನ ಊರಿಗೇ ಹೋಗಲಿ ಎಂಬ ಆಸೆ.

ಹೆಣ್ಣು ನೋಡಲು ಬಂದವರಲ್ಲಿ ವರನ ಸೋದರತ್ತೆ ಎಂಬ ಒಬ್ಬ ಹಿರಿಯ ಹೆಂಗಸಿದ್ದರು. ಉಪ್ಪಿಟ್ಟು ಮುಗಿಸಿ ಕೈ ತೊಳೆಯಲು ಎದ್ದವರು ಬಾಗಿಲಲ್ಲಿ ನಿಂತು ಮೇಲೆ ನೋಡಿದರು. ನಮ್ಮತ್ತೆ ಹೆಮ್ಮೆಯಿಂದ, “ನಮ್ಮ ಗಿರಿಜೆ ಮಾಡಿದ್ದು” ಎಂದರು.

“ನೀಲಿ ಕಣ್ಣಿನ ಗಿಳಿ” ಎಂದರು ಆಕೆ. “ಇದನ್ನ ಪಕ್ಕದ ಮನೇಲಿ ನೋಡಿದ್ದೆನಲ್ಲ. ಶಾಂತೆ ಅಂತ, ನನ್ನ ತಂಗಿ ಮಗನಿಗೇ ಗೊತ್ತಾಗಿರೋದು. ಅಲ್ಲೂ ಹುಡುಗೀನೇ ಮಾಡಿದ್ದು ಅಂದ್ರು.”

ಕಾಫಿ ಲೋಟದ ತಟ್ಟೆ ಹಿಡಿದು ನಾನು ಒಳಬಾಗಿಲಲ್ಲಿ ನಿಂತಿದ್ದೆ. ನಿಜ ಹೇಳಿದರೆ ಶಾಂತೆಯ ಮನೆಯವರು ಸುಳ್ಳು ಹೇಳಿದಂತಾಗುತ್ತದೆ. ಅವಳ ಕೊರಳಿಗೆ ಇನ್ನೂ ತಾಳಿ ಬಿದ್ದಿಲ್ಲ. ನಿಜ ಹೇಳದಿದ್ದರೆ ಸುಳ್ಳರು ನಾವು. ಆಗ, ಕೇಳದೆ ಬಾಯಿ ಬಿಡಬಾರದೆಂದು ಹೇಳಿ ಕೂರಿಸಿದ್ದ ಗಿರಿಜೆ, ತಲೆಯೆತ್ತದೆ ಹೇಳಿದಳು: “ಅದು ಶಾಂತೆಯೇ ಮಾಡಿದ್ದು. ನಾವು ಇವತ್ತಿನ ಮಟ್ಟಿಗೆ ಇಸ್ಕೊಂಡು ಬಂದಿದ್ದೀವಿ.”

ಆಕೆ ಅತ್ತೆಯ ಮುಖ ನೋಡಿದರು. ಅತ್ತೆ ನೆಲ ನೋಡಿದರು. ಹೊರಡುವಾಗ ಎಲ್ಲರೂ ನಗುನಗುತ್ತಲೇ ಹೊರಟರು. ಮೊದಲೇ ಕೂಡಿಬಂದಿದ್ದ ಜಾತಕ ಈಗ ಕೂಡುತ್ತಿಲ್ಲವೆಂದು ಆಮೇಲೆ ನಮ್ಮಣ್ಣ ಬಂದು ಹೇಳಿದ.

ಆ ಸಂಬಂಧ ತಪ್ಪಿದ್ದಕ್ಕೆ ಈಗ ನನಗೆ ದುಃಖವಿಲ್ಲ, ಸಂಬಂಧಗಳು ಬರುತ್ತವೆ ಹೋಗುತ್ತವೆ. ನನ್ನ ದುಃಖ ಆಮೇಲಿನದು. ಒಂದು ಮಧ್ಯಾಹ್ನ ನಾನು ಪಡಸಾಲೆಗೆ ಬಂದರೆ ಬಾಗಿಲು ಬೋಳಾಗಿದೆ. ಗಿರಿಜೆ ಮೊರ ಇಟ್ಟುಕೊಂಡು ಬ್ಲೇಡಿನಿಂದ ನೂಲು ಕತ್ತರಿಸುತ್ತಿದ್ದಾಳೆ. ಬಳ್ಳಿ ಆಗಲೇ ಹೋಗಿತ್ತು, ನಂದಿಯ ಬೆನ್ನು ಉಳಿದಿತ್ತು. “ಬೇಡ ಕಣೆ” ಎಂದು ಕೈ ಹಿಡಿದೆ. ಅವಳು ಮೆತ್ತಗೆ ಬಿಡಿಸಿಕೊಂಡಳು.

“ಎಸೀತಿಲ್ಲ ಅತ್ತಿಗೆ. ಯಾವ ಡಬ್ಬೀದು ಆ ಡಬ್ಬಿಗೆ ಹಾಕ್ತಿದ್ದೀನಿ ಅಷ್ಟೆ.”

ಅತ್ತೆ ಒಳಗಿನಿಂದ ನೋಡಿದರು, ಬೈಯಲಿಲ್ಲ. ಒಲೆಯ ಮುಂದೆ ಹೋಗಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ಹೊಗೆ ಎಂದು ಅಂದುಕೊಳ್ಳೋಣವೆಂದರೆ ಒಲೆ ಹಚ್ಚಿರಲಿಲ್ಲ.

ಶಾಂತೆಯ ಮದುವೆ ಸಾಂಗವಾಗಿ ಆಯಿತು. ನಂಜಮ್ಮನಿಗೆ ನಾವು ಏನೂ ಹೇಳಲಿಲ್ಲ. ಕೆಲವು ದಿನಗಳ ಮೇಲೆ ಆಕೆ ಎರಡನೆಯ ಮಗಳಿಗೆಂದು ತೋರಣ ಕೇಳಲು ಬಂದರು. “ಬಿಚ್ಚಿಬಿಟ್ಟೆ ಚಿಕ್ಕಮ್ಮ, ಹಳೇದಾಗಿತ್ತು” ಎಂದಳು ಗಿರಿಜೆ. “ಅಯ್ಯೋ, ಇನ್ನೊಂದು ಮಾಡು ಮಾರಾಯ್ತಿ, ನಿನಗೇನು ಕಷ್ಟ!” ಎಂದು ನಂಜಮ್ಮ ಅವಳ ಕೆನ್ನೆ ಮುಟ್ಟಿ ಹೋದರು. ಒಳ್ಳೆಯ ಹೆಂಗಸು. ಗಿರಿಜೆಯ ಕೈ ಎಂಥದೆಂದು ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಆಕೆಗೇ.

ಇನ್ನೊಂದು ಅವಳು ಮಾಡಲಿಲ್ಲ. ತರೀಕೆರೆಯ ಒಬ್ಬ ಮೇಷ್ಟರೊಂದಿಗೆ ಮದುವೆಯಾಯಿತು. ಒಳ್ಳೆಯ ಗಂಡ, ಮಕ್ಕಳು, ತುಂಬಿದ ಸಂಸಾರ. ಹೊರಡುವಾಗ ಗ್ರಾಮಫೋನಿನ ಪೆಟ್ಟಿಗೆಯನ್ನು ನನ್ನ ಮುಂದೆ ತಂದಿಟ್ಟು, “ನಿಮ್ಮ ತವರಿಂದ ಬಂದದ್ದು, ನಿಮ್ಮ ಹತ್ರಾನೇ ಇರಲಿ” ಎಂದಳು. ಹಬ್ಬಕ್ಕೆ ಬಂದಾಗಲೆಲ್ಲ ನಾನು ಕೇಳುವೆ, ಅವಳು ಕಣ್ಣು ಸಾಲದು ಎನ್ನುವಳು. ಆ ಕಣ್ಣಿನಲ್ಲೇ ಅಕ್ಕಿಯ ಕಲ್ಲನ್ನು ನನಗಿಂತ ಬೇಗ ಆರಿಸುತ್ತಿದ್ದಳು. ಈಗ ಅವಳು ಹೋಗಿ ಬಹಳ ವರ್ಷಗಳಾದವು.

ಮೊನ್ನೆ ಮೊಮ್ಮಗಳಿಂದಲೇ ಆ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದೆ. ಮುಚ್ಚಳದ ಮೇಲಿನ ಮಣಿಗಳನ್ನೂ ಒಳಗಿನ ಬಣ್ಣಗಳನ್ನೂ ನೋಡಿ ಅವಳು ಕೂಗಿದಳು: “ಅಬ್ಬಾ ಅಜ್ಜಿ, ಎಷ್ಟು ನೀಟಾಗಿ ಜೋಡಿಸಿಟ್ಟಿದ್ದಾರೆ!” ಹೀಗೆ ಯಾರಾದರೂ ಹೊಗಳಿದರೆ, ನಮ್ಮ ನಾದಿನಿ ಬಲು ಅಚ್ಚುಕಟ್ಟು ಎಂದು ಹೇಳಿ ಮುಚ್ಚಿಬಿಡುವುದು ನನ್ನ ಅಭ್ಯಾಸ. ಈ ಸಲ ಯಾಕೋ ಹಾಗೆ ಹೇಳಲಾಗಲಿಲ್ಲ.

“ಅದು ಜೋಡಿಸಿದ್ದಲ್ಲ ಮಗಾ, ಬಿಚ್ಚಿದ್ದು” ಎಂದೆ. ನಿಮಗೆ ಹೇಳಿದ್ದನ್ನೆಲ್ಲ ಅವಳಿಗೂ ಹೇಳಿದೆ.

ಅವಳು ಎದ್ದು ಚೌಕುಳಿ ಗೆರೆಯ ಹಾಳೆ, ಪೆನ್ಸಿಲು ತಂದಳು. “ಮಣಿ ಎಲ್ಲಾ ಇಲ್ಲೇ ಇವೆಯಲ್ಲಜ್ಜಿ. ನೀವು ಹೇಳಿ, ನಾನು ಹಾಗೇ ಮಾಡ್ತೀನಿ. ಯಾರು ಕೇಳಿದ್ರೂ ಗಿರಿಜಜ್ಜಿದು ಅಂತೀನಿ.” ನಂದಿ ಹೇಗೆ ಮಲಗಿತ್ತು, ಬಳ್ಳಿ ಎಲ್ಲಿ ತಿರುಗಿತ್ತು ಎಂದೆಲ್ಲ ನಾನು ಹೇಳುತ್ತ ಹೋದೆ, ಅವಳು ಹಾಳೆಯ ಚೌಕಗಳನ್ನು ತುಂಬುತ್ತ ಹೋದಳು. ಗಿಳಿಗಳೂ ಬಂದವು.

“ನೀಲಿ ಕಣ್ಣು ಯಾವ ಕಡೆ ಗಿಳಿಗೆ ಅಜ್ಜಿ? ಎಡಕ್ಕೋ, ಬಲಕ್ಕೋ?”

ಹೇಳಲು ಬಾಯಿ ತೆರೆದೆ. ದಿನಕ್ಕೆ ಎಷ್ಟು ಸಲ ಆ ತೋರಣದ ಕೆಳಗೆ ಓಡಾಡಿದ್ದೆನೋ, ಅದರ ನೂಲಿಗೆ ಮೇಣ ಹಚ್ಚಿದ್ದು ಇದೇ ಕೈ. ವರನ ಸೋದರತ್ತೆ ಒಂದೇ ಸಲ ನೋಡಿ ಆ ಕಣ್ಣನ್ನು ನೆನಪಿಟ್ಟುಕೊಂಡಿದ್ದರು. ನನಗೆ ನೆನಪಾಗಲಿಲ್ಲ. ಕೇಳೋಣವೆಂದರೆ ಗಿರಿಜೆ ಇಲ್ಲ, ಅತ್ತೆ ಇಲ್ಲ, ನಂಜಮ್ಮನೂ ಇಲ್ಲ. ಗಿಳಿಗಳ ಕಣ್ಣಿನ ಜಾಗ ಎರಡನ್ನೂ ಖಾಲಿ ಬಿಟ್ಟು, ಮೊಮ್ಮಗಳು ದಿನಾ ಬಂದು ನೆನಪಾಯಿತೇ ಎಂದು ಕೇಳುತ್ತಿದ್ದಾಳೆ.