ಖುಷಿಯಾದರೆ ಓಡುವ ಡ್ರಮ್ಮು

ಅವನನ್ನು ಎಲ್ಲರೂ ಅವಸರಪ್ಪ ಎಂದೇ ಕರೆಯುತ್ತಿದ್ದರು, ನ್ಯಾಯವಾಗಿಯೇ ಕರೆಯುತ್ತಿದ್ದರು. ಡ್ರಮ್ಮು ಬಾರಿಸುವುದರಲ್ಲಿ ಎತ್ತಿದ ಕೈ, ಸುಳ್ಳು ಹೇಳಬಾರದು. ಆದರೆ ಖುಷಿಯಾದರೆ ಓಡುತ್ತಿದ್ದ. ಮೊದಲ ಚರಣದಲ್ಲಿ ನಡೆಯುತ್ತಿದ್ದ ಹಾಡು ಮೂರನೆಯದಕ್ಕೆ ಎದ್ದೆನೋ ಬಿದ್ದೆನೋ ಎಂದು ಓಡುತ್ತಿತ್ತು. ಖುಷಿಯೋ, ಅವನಿಗೆ ಕಿಟಕಿಯಿಂದ ಗಾಳಿ ಬೀಸಿದರೂ ಆಗುತ್ತಿತ್ತು!

ಇಪ್ಪತ್ತರಲ್ಲಿ ಮದುವೆ ಬ್ಯಾಂಡಿನಲ್ಲಿದ್ದ. ಒಂದು ಮದುವೆಯಲ್ಲಿ ವರನ ಅಜ್ಜಿ ಊರುಗೋಲು ಬಿಸಾಕಿ ಕುಣಿಯಲು ಎದ್ದರು. ಇಷ್ಟು ಸಾಕಾಯಿತು ಅವನಿಗೆ. ಕಹಳೆಯವನಿಗೆ ಏದುಸಿರು ಬಂತು, ಪಿಟೀಲಿನವನು ಕಮಾನು ಕೈಬಿಟ್ಟು ಕೂತ, ಹಾಡುವ ಹುಡುಗಿ ಮಾತ್ರ ಒಂದಕ್ಷರ ನುಂಗದೆ ಜೊತೆಗೇ ಓಡಿದಳು. ಬ್ಯಾಂಡಿನ ಯಜಮಾನ ಅವತ್ತೇ ಅವನನ್ನು ಹೊರಗಟ್ಟಿದ. ಹುಡುಗಿ ಬೀದಿಯ ತಿರುವಿನವರೆಗೆ ಹಿಂದೆಯೇ ಬಂದಳು.

"ನನ್ನ ಇಷ್ಟು ಓಡಿಸಿದವರು ಇನ್ಯಾರೂ ಇಲ್ಲ. ಮದ್ವೆ ಆಗ್ತೀರಾ?" ಅಂದಳು.

ಆದರು. ಹೊಟ್ಟೆಪಾಡಿಗೆ ಅಂಚೆ ಕಚೇರಿ ಸೇರಿ ಕಾಗದಗಳಿಗೆ ಮುದ್ರೆ ಒತ್ತಿದ. ಠಕಠಕ ಎಂದು ಹತ್ತು ಗಂಟೆಗೇ ರಾಶಿ ಮುಗಿಸುತ್ತಿದ್ದ. ಒಂದು ದಿನ ಹುಮ್ಮಸ್ಸಿನಲ್ಲಿ ಪೋಸ್ಟ್‌ಮಾಸ್ಟರರ ಬಿಳಿ ಅಂಗಿಯ ತೋಳಿಗೂ ಒತ್ತಿಬಿಟ್ಟ. ಅಲ್ಲಿಂದ ಕಾರು ಕಲಿಸುವ ಶಾಲೆಗೆ. ಬಾಗಿಲ ಮೇಲೆ 'ನಿಧಾನವೇ ಪ್ರಧಾನ' ಎಂಬ ಹಲಗೆ, ಕೆಳಗೆ ನಮ್ಮ ಅವಸರಪ್ಪ! ಪುಣ್ಯಕ್ಕೆ ಪಾಠದ ಕಾರಿನಲ್ಲಿ ಕಲಿಸುವವನ ಕಾಲಡಿಯೂ ಒಂದು ಬ್ರೇಕು ಇರುತ್ತದೆ. ಇಪ್ಪತ್ತೆರಡು ವರ್ಷ ಅದನ್ನೇ ಒತ್ತಿಕೊಂಡು ಬದುಕಿದ.

ದೇವರ ತಂಟೆಗೆ ಅವನು ಹೋದವನಲ್ಲ. ಹೆಂಡತಿಯ ಗಂಟಲಲ್ಲಿ ಗೆಡ್ಡೆ ಕಾಣಿಸಿಕೊಂಡಾಗ ಆಸ್ಪತ್ರೆಯ ಬೆಂಚಿನ ಮೇಲೆ ಕೂತ. ಜೀವಮಾನದಲ್ಲಿ ಮೊದಲ ಸಲ ಅವನ ಬೆರಳುಗಳು ಏನನ್ನೂ ಬಡಿಯಲಿಲ್ಲ. "ಅವಳ ದನಿ ಉಳಿಸಪ್ಪಾ," ಎಂದು ಬೇಡಿಕೊಂಡ, "ವಾರವಾರ ನಿನ್ನ ಮನೇಲಿ ಬಾರಿಸ್ತೀನಿ. ಒಂದು ಪೆಟ್ಟೂ ಓಡಲ್ಲ."

ದನಿ ಉಳಿಯಿತು, ಉಸಿರು ಮಾತ್ರ ಮೊಟಕಾಯಿತು. ದೇವರು ಮಾತು ಉಳಿಸಿಕೊಂಡ. ಇವನು? ಹುಟ್ಟುಗುಣ ಸುಟ್ಟರೂ ಹೋದೀತೇ! ಹೆಂಡತಿ ಬದುಕಿ ಮನೆಗೆ ಬಂದ ಖುಷಿಗೆ ಮೊದಲ ವಾರವೇ ಪ್ರಾರ್ಥನಾ ಮಂದಿರದ ಭಜನೆ ಹತ್ತು ನಿಮಿಷ ಮೊದಲೇ ಮುಗಿಯಿತು.

"ಏನಪ್ಪಾ, ದೇವರಿಗೇನು ಬಸ್ ಹಿಡಿಯೋದಿತ್ತಾ?" ಅಂದರು ಮಂದಿರದ ಹಿರಿಯರು.

ವರ್ಷ ತುಂಬುವ ಹೊತ್ತಿಗೆ ಹೆಂಡತಿ ಅಲ್ಲಿ ಹಾಡುತ್ತೇನೆ ಎಂದಳು. ಹೊರಡುವ ಮುಂಚೆ ಅವನ ಅಂಗಿಯ ಗುಂಡಿ ಹಾಕುತ್ತಾ, "ರೀ, ಇವತ್ತು ನೀವು ಓಡಿದ್ರೆ ನನ್ನ ಕೈಲಾಗಲ್ಲ. ಎಲ್ಲರ ಮುಂದೆ ಉಸಿರು ಕಟ್ಟಿ ನಿಂತೆ ಅಂದ್ರೆ ಮತ್ತೆ ಈ ಜನ್ಮದಲ್ಲಿ ಹಾಡಲ್ಲ, ಹೇಳಿರ್ತೀನಿ," ಎಂದಳು.

"ಓಡಲ್ಲ ಕಣೇ. ನಿನ್ನಾಣೆ."

ಮಂದಿರದಲ್ಲಿ ಅವಳು ಅವನಿಗೆ ಬೆನ್ನು ಹಾಕಿ ನಿಂತು ಬಾಯಿ ತೆರೆದಳು. ಅಯ್ಯೋ, ಅದೇ ದನಿ! ಸ್ವಲ್ಪ ಒರಟಾಗಿತ್ತು, ಅಷ್ಟೇ. ಅವನಿಗೆ ಎದ್ದು ಕುಣಿಯಬೇಕೆನಿಸಿತು. ಕಾಲನ್ನು ನೆಲಕ್ಕೆ ಒತ್ತಿ ಹಿಡಿದ, ಕಾರಿನ ಬ್ರೇಕು ಒತ್ತಿದ ಹಾಗೆ. ತುಟಿ ಕಚ್ಚಿದ. ಮೊದಲ ಚರಣ ದಾಟಿತು. ಎರಡನೆಯದರಲ್ಲಿ ಕಣ್ಣೀರು ಗಲ್ಲಕ್ಕಿಳಿದು ತುರಿಸುತ್ತಿತ್ತು, ಒರೆಸಿಕೊಂಡರೆ ತಾಳ ತಪ್ಪುತ್ತದೆಂದು ಹಾಗೇ ಬಿಟ್ಟ. ಹಿರಿಯರು ತಮ್ಮ ಗಡಿಯಾರ ನಿಂತಿದೆಯೇನೋ ಎಂದು ಕಿವಿಗೆ ಹಿಡಿದು ನೋಡಿದರು.

ಮೂರನೇ ಚರಣದಲ್ಲಿ ಹಾಡು ಡ್ರಮ್ಮಿಗಿಂತ ಮುಂದೆ ಹೋಗಿತ್ತು. ತಾನೇ ತಪ್ಪಿದೆನೇ? ಪೆಟ್ಟು ಎಣಿಸಿ ನೋಡಿದ. ಇಲ್ಲ, ಅವನು ಇದ್ದಲ್ಲೇ ಇದ್ದ. ಓಡುತ್ತಿದ್ದವಳು ಅವಳು! ಮೊಟಕು ಉಸಿರನ್ನು ಗುಟುಕು ಗುಟುಕಾಗಿ ಎಳೆದುಕೊಳ್ಳುತ್ತಾ ಓಡುತ್ತಿದ್ದಳು. ಬೆನ್ನ ಹಿಂದೆ ಕೈ ತಂದು, ಯಾರಿಗೂ ಕಾಣದ ಹಾಗೆ, ಬನ್ನಿ ಬನ್ನಿ ಎಂದು ಬೆರಳಾಡಿಸಿದಳು.

ಅವಸರಪ್ಪ ತಲೆಯೆತ್ತಿ ಸೂರಿನ ಕಡೆ ನೋಡಿದ. "ನೀನೇ ನೋಡ್ತಿದ್ದೀಯಲ್ಲಪ್ಪಾ, ಈ ಸಲ ಶುರು ಮಾಡಿದ್ದು ನಾನಲ್ಲ," ಎಂದು ಗೊಣಗಿ, ಬ್ರೇಕಿನಿಂದ ಕಾಲು ತೆಗೆದ.