ಒಲೆ ಮೇಸ್ತ್ರಿ ಮತ್ತೆ ತಟ್ಟಿದ ಬಾಗಿಲುಗಳು

ಗ್ಯಾಸ್ ಒಲೆ ರಿಪೇರಿಯ ಮೇಸ್ತ್ರಿ ಕಳೆದ ಬುಧವಾರ ತೀರಿಕೊಂಡರು. ಹಿಂದಿನ ದಿನ ಬೆಳಿಗ್ಗೆ ಮೂರನೇ ಮಹಡಿಯಿಂದ ಇಳಿಯುವಾಗ ಮೆಟ್ಟಿಲ ಮೇಲಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಮತ್ತೆ ಎಚ್ಚರ ಬರಲಿಲ್ಲ. ವಯಸ್ಸು ಅರವತ್ತಮೂರು. ಪಾರ್ಕಿನ್ಸನ್ ಕಾಯಿಲೆಯವರು ಮೂರು ಮಹಡಿ ಹತ್ತುವಂಥ ಕೆಲಸ ಏನಿತ್ತು ಎಂದು ಬಂದವರೆಲ್ಲ ಕೇಳಿದರು.

ಕೆಲಸ ಇತ್ತು.

ಆ ಬೀದಿಗಳಲ್ಲಿ ಅವರನ್ನು ಮೂಗಿನ ಮೇಸ್ತ್ರಿ ಎನ್ನುತ್ತಿದ್ದರು. ಕೆಲಸ ಕಲಿಸಿದವರು ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ, ಗ್ಯಾಸ್ ಸೋರಿ ಗುಳ್ಳೆ ಏಳುತ್ತದೆಯೇ ಎಂದು ನೋಡಲು ಹೇಳಿಕೊಟ್ಟಿದ್ದರು. ಇವರ ಮೂಗು ಎಷ್ಟು ಚುರುಕೆಂದರೆ, ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ "ಅಕ್ಕ, ಪೈಪಲ್ಲ, ಒಲೆಯ ತಿರುಪು" ಎಂದುಬಿಡುತ್ತಿದ್ದರು. ಸೋಪಿನ ಡಬ್ಬಿ ಚೀಲದ ತಳ ಸೇರಿತು. ಕೆಲಸ ಮುಗಿದ ಮೇಲೆ ಬಗ್ಗಿ ಒಮ್ಮೆ ಮೂಸಿ ತಲೆಯಾಡಿಸಿದರೆ ಮುಗಿಯಿತು, ಜನ ಕಣ್ಣುಮುಚ್ಚಿ ಒಲೆ ಹಚ್ಚುತ್ತಿದ್ದರು.

ಎಡಗೈ ನಡುಗಲು ಶುರುವಾದಾಗ ಮೂರು ವರ್ಷ ಅದನ್ನು ಜೇಬಿನಲ್ಲಿಟ್ಟು ದಿನ ದೂಡಿದರು. ಕೊನೆಗೆ ಹೆಂಡತಿ ಹಟ ಹಿಡಿದು ನರರೋಗದ ಡಾಕ್ಟರ ಬಳಿ ಕರೆದೊಯ್ದರು. ಡಾಕ್ಟರಮ್ಮ ಕೈ ಮಡಚಿ ನೋಡಿದರು, ನಡೆಸಿ ನೋಡಿದರು, ಆಮೇಲೆ ಕೇಳಿದರು:

"ವಾಸನೆ ಚೆನ್ನಾಗಿ ಗೊತ್ತಾಗುತ್ತಾ?"

"ಮೇಡಂ, ಅದೇ ನನ್ನ ಅನ್ನ."

"ಕಣ್ಣು ಮುಚ್ಚಿ. ಇದೇನು ಹೇಳಿ."

ಮೂಗಿನ ಕೆಳಗೆ ಒಂದು ಸೀಸೆ ಬಂತು. ಮೇಸ್ತ್ರಿ ಎರಡು ಸಲ ಉಸಿರೆಳೆದರು. "ಖಾಲಿ ಸೀಸೆ" ಎಂದರು.

ಅಷ್ಟು ದೂರದ ಕುರ್ಚಿಯಲ್ಲಿದ್ದ ಹೆಂಡತಿ ಮೆಲ್ಲಗೆ, "ರೀ, ಕಾಫಿಪುಡಿ" ಎಂದರು.

ಡಾಕ್ಟರಮ್ಮ ಆತುರಪಡದೆ ವಿವರಿಸಿದರು. ನರಕೋಶಗಳಲ್ಲಿ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನ್ ಇರುತ್ತದೆ. ಅದು ಹೇಗೋ ತಪ್ಪಾಗಿ ಮಡಚಿಕೊಳ್ಳುತ್ತದೆ. ಹಾಗೆ ಆಕಾರ ಕೆಟ್ಟದ್ದು ಪಕ್ಕದಲ್ಲಿರುವ ಒಳ್ಳೆಯದನ್ನೂ ಕೆಡಿಸುತ್ತದೆ. ಎಲ್ಲ ಅಂಟಿಕೊಂಡು ಕೋಶದೊಳಗೆ ಗಂಟುಕಟ್ಟುತ್ತವೆ, ಕ್ರಮೇಣ ಕೋಶ ಸಾಯುತ್ತದೆ. ಎಷ್ಟೋ ಜನರಲ್ಲಿ ಈ ಗಂಟುಗಳು ಕೈ ನಡುಗುವುದಕ್ಕೆ ವರ್ಷಗಳ ಮೊದಲೇ ವಾಸನೆ ಹಿಡಿಯುವ ಭಾಗಕ್ಕೆ ಬಂದಿರುತ್ತವೆ.

"ಮೊದಲನೆಯದು ಯಾಕೆ ಕೆಟ್ಟಿತು ಮೇಡಂ?"

"ಅದು ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮಾತ್ರೆ ಕೊಡ್ತೀನಿ, ಕೈಕಾಲು ಸ್ವಲ್ಪ ಹಗುರಾಗುತ್ತೆ. ಗಂಟು ಕರಗಿಸೋ ಔಷಧಿ ಸದ್ಯಕ್ಕಿಲ್ಲ."

"ನನ್ನ ಮೂಗು ಹೋಗಿ ಎಷ್ಟು ವರ್ಷ ಆಗಿರಬಹುದು?"

ಅದಕ್ಕೆ ಉತ್ತರ ಕೊಟ್ಟದ್ದು ಹೆಂಡತಿ. "ಮನೆಗೆ ಬಣ್ಣ ಹೊಡೆಸಿದ ವರ್ಷ. ಆ ವಾಸನೆಗೆ ನಾನು ತಲೆ ಹಿಡ್ಕೊಂಡು ಕೂತಿದ್ದೆ. ನೀವು ಎಲ್ಲಿದೆಯೇ ವಾಸನೆ ಅಂದ್ರಿ. ನೆಗಡಿ ಇರಬೇಕು ಅಂದ್ಕೊಂಡೆ."

ಆರು ವರ್ಷ. ಆರು ವರ್ಷ ಅವರು ಮೂಸಿ ತಲೆಯಾಡಿಸಿದ ಅಡುಗೆಮನೆಗಳು.

"ಏನಾದ್ರೂ ಆಗಿದ್ರೆ ಇಷ್ಟೊತ್ತಿಗೆ ಬಂದು ಜಗಳ ಆಡಿರ್ತಿದ್ರು" ಎಂದರು ಹೆಂಡತಿ, ಬಸ್ಸಿನಲ್ಲಿ.

"ಜಗಳ ಆಡೋಕೆ ಅವರು ಉಳಿದಿರಬೇಕಲ್ಲೇ."

ಮರುದಿನದಿಂದಲೇ ಹೊರಟರು. ಫೋನಿಗೆ ಸಿಕ್ಕವರಿಗೆಲ್ಲ ಬೇರೆ ಮೆಕ್ಯಾನಿಕ್ ಕರೆಸಿ ನೋಡಿಸಿಕೊಳ್ಳಿ ಎಂದರು. ಉಳಿದ ಮನೆಗಳಿಗೆ ತಾವೇ ಹೋದರು. ಮಾತ್ರೆ ನುಂಗಿ ಮುಕ್ಕಾಲು ಗಂಟೆಯಾದ ಮೇಲೆ ಎರಡು ಗಂಟೆ ಹೊತ್ತು ಕೈ ಮಾತು ಕೇಳುತ್ತಿತ್ತು. ಅಷ್ಟರಲ್ಲಿ ಮೂರು ಮನೆ, ಹೆಚ್ಚೆಂದರೆ ನಾಲ್ಕು. ಮೊದಲ ಮನೆಯಲ್ಲಿ "ಸುಮ್ಮನೆ ಒಂದು ತಪಾಸಣೆ" ಎಂದು ಶುರುಮಾಡಿದವರು, ಎರಡನೆಯದರಲ್ಲಿ ನಿಜ ಹೇಳಿದರು. ಒಬ್ಬಾಕೆ ಬಾಗಿಲನ್ನು ಮುಖದ ಮೇಲೆ ಹಾಕಿದರು. ಬೇಕರಿಯವನು, "ಅಂದ್ರೆ ಇಷ್ಟು ವರ್ಷ ನಾಟಕ ಆಡಿದ್ರಾ?" ಎಂದ. "ನಾಟಕ ಅಂತ ನನಗೂ ಗೊತ್ತಿರಲಿಲ್ಲ ಕಣಪ್ಪ" ಎನ್ನುತ್ತಲೇ ಇವರು ಸೋಪಿನ ಡಬ್ಬಿ, ಬ್ರಷ್ಷು ತೆಗೆದರು. ಸುದ್ದಿ ಹರಡಿ ಹೊಸ ಕೆಲಸ ನಿಂತೇಹೋಯಿತು. ನಾಲ್ಕು ತಿಂಗಳಲ್ಲಿ ಎರಡು ಕಡೆ ಗುಳ್ಳೆ ಎದ್ದಿತು. ಆ ಎರಡು ದಿನ ಅವರು ಊಟ ಮಾಡಲಿಲ್ಲ.

ಕೊನೆಗೆ ಉಳಿದದ್ದು ನಿವೃತ್ತ ಹೆಡ್‌ಮಿಸ್ಸಿನ ಮನೆ. ಅವರು ಮಗಳ ಊರಿಗೆ ಹೋಗಿ ವರ್ಷವಾಗಿತ್ತು, ಹೊಸ ನಂಬರು ಯಾರಲ್ಲೂ ಇರಲಿಲ್ಲ. ಹೋಗುವ ಮೊದಲು ಅಲ್ಲಿ ಬೀರುವಿನೊಳಗೆ ಸಿಲಿಂಡರ್ ಇಟ್ಟು ಹೊಸ ಪೈಪು ಜೋಡಿಸಿದ್ದು ಮೇಸ್ತ್ರಿಯೇ. ಬಾಗಿಲ ಸಂದಿಯಲ್ಲಿ ಎರಡು ಸಲ ಚೀಟಿ ಹಾಕಿದ್ದರು.

ಆ ಮಂಗಳವಾರ ಬೆಳಿಗ್ಗೆ ಹಾಲು ತರಲು ಗಂಡಹೆಂಡಿರು ಆ ಬೀದಿಯಲ್ಲಿ ಹೋಗುತ್ತಿದ್ದಾಗ ಮೂರನೇ ಮಹಡಿಯ ಕಿಟಕಿ ತೆರೆದಿತ್ತು.

"ಬಂದಿದ್ದಾರೆ. ಈಗ ಟೀ ಇಡ್ತಾರೆ" ಎಂದರು ಮೇಸ್ತ್ರಿ. ಚೀಲ ಹೆಗಲಲ್ಲೇ ಇತ್ತು. ಈ ನಾಲ್ಕು ತಿಂಗಳು ಅದು ಹೆಗಲಿಂದ ಇಳಿದದ್ದೇ ಕಡಿಮೆ.

"ಮಾತ್ರೆ ಇನ್ನೂ ಹಿಡಿದಿಲ್ಲ ರೀ. ನಾನು ಹೋಗಿ ಹೇಳ್ತೀನಿ, ನೀವು ಇಲ್ಲೇ ಇರಿ."

ಅಷ್ಟರಲ್ಲಿ ಅವರು ಕಂಬಿ ಹಿಡಿದು ಹತ್ತತೊಡಗಿದ್ದರು. ಇಬ್ಬರು ಅಕ್ಕಪಕ್ಕ ಹೋಗಲಾರದಷ್ಟು ಕಿರಿದಾದ ಮೆಟ್ಟಿಲು. ಹೆಂಡತಿ ಹಿಂದೆಯೇ ಉಳಿದರು. ಮೇಲಿನ ಬಾಗಿಲು ತೆರೆದೇ ಇತ್ತು, ಹೊಸಿಲಲ್ಲಿ ಸೂಟ್‌ಕೇಸು. ಅಲ್ಲಿ ಮೇಸ್ತ್ರಿಯ ಕಾಲು ನೆಲಕ್ಕೆ ಕಚ್ಚಿಕೊಂಡಿತು. ಕಾಯಿಲೆ ಶುರುವಾದ ಮೇಲೆ ಬಾಗಿಲು ಬಂದರೆ ಹಾಗಾಗುತ್ತಿತ್ತು. ಎದುರಿಗೇ ಅಡುಗೆಮನೆ, ವರ್ಷದ ಧೂಳಿಗೆ ಮೂಗು ಕಟ್ಟಿದ್ದ ಹೆಡ್‌ಮಿಸ್ಸು ಆಗಷ್ಟೇ ರೆಗ್ಯುಲೇಟರ್ ತೆರೆದು ಪಾತ್ರೆಗೆ ನೀರು ಹಿಡಿಯುತ್ತಿದ್ದರು, ಇನ್ನೊಂದು ಕೈಯಲ್ಲಿ ಲೈಟರ್. ಮೇಸ್ತ್ರಿ ಕೂಗಿದರು. ಕಾಯಿಲೆ ತಿಂದ ಗಂಟಲಿನಿಂದ ಹೊರಟದ್ದು ಪಿಸುಮಾತು; ನಲ್ಲಿಯ ಸದ್ದಿನಲ್ಲಿ ಅದೂ ಮುಳುಗಿತು.

ಹೆಂಡತಿ ಅವರ ಹೆಗಲ ಮೇಲಿಂದ ಕತ್ತು ಚಾಚಿದರು. ಆಕೆಗೆ ವಾಸನೆ ಹೊಡೆಯಿತು.

"ಅಮ್ಮಾ, ಹಚ್ಚಬೇಡಿ. ಗ್ಯಾಸ್ ಸೋರ್ತಿದೆ, ಲೈಟರ್ ಕೆಳಗಿಡಿ."

ಹೆಡ್‌ಮಿಸ್ಸು ತಿರುಗಿ ನೋಡಿ, ಲೈಟರನ್ನು ಹಾವಿನಂತೆ ಹಿಡಿದು ಮೆಲ್ಲಗೆ ಕಟ್ಟೆಯ ಮೇಲಿಟ್ಟರು. ಹೆಂಡತಿ ಗಂಡನ ಪಾದದ ಮುಂದೆ ತಮ್ಮ ಪಾದ ಅಡ್ಡವಿಟ್ಟರು; ಅದನ್ನು ದಾಟುವ ನೆಪದಲ್ಲಿ ಮೇಸ್ತ್ರಿಯ ಕಾಲು ಬಿಟ್ಟುಕೊಂಡಿತು.

ಅವರು ರೆಗ್ಯುಲೇಟರ್ ಮುಚ್ಚಿದರು. ಕಿಟಕಿಗಳನ್ನೆಲ್ಲ ತೆರೆಸಿ, ಸ್ವಿಚ್ಚು ಮುಟ್ಟಬೇಡಿ ಎಂದು ಇಬ್ಬರನ್ನೂ ಹೊರಗೆ ಕಳಿಸಿದರು. ಗಾಳಿ ಆಡಿ ವಾಸನೆ ಹೋಯಿತೆಂದು ಹೆಂಡತಿ ಹೇಳಿದ ಮೇಲೆ ಬೀರುವಿನ ಮುಂದೆ ಮೊಣಕಾಲೂರಿ ಹಳೆಯ ಪೈಪು ಕಿತ್ತು ಹೊಸದನ್ನು ಬಿಗಿದರು. ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ಹಿಡಿಯಿತು. ರೆಗ್ಯುಲೇಟರ್ ತೆರೆದು ಸೋಪಿನ ನೀರು ಹಚ್ಚಿದರು. ಗುಳ್ಳೆ ಏಳಲಿಲ್ಲ.

"ಸರಿಯಾಯ್ತಲ್ಲ, ಏಳಿ" ಎಂದರು ಹೆಂಡತಿ.

"ತಾಳು" ಎಂದು ಮೇಸ್ತ್ರಿ ಬ್ರಷ್ಷನ್ನು ಮತ್ತೊಮ್ಮೆ ಅದ್ದಿ, ಜೋಡಣೆಯ ಸುತ್ತ ಇನ್ನೊಂದು ಸಲ ನೀರು ಹಚ್ಚಿದರು.